ವಿತ್‌ಡ್ರಾ ಬಟನ್ ಒತ್ತುವ ಮುಂಚೆ

ಯುಪಿಐನಲ್ಲಿ ದುಡ್ಡು ಹಾಕಿ ಹಾಕಿ ನಮಗೆಲ್ಲ ಒಂದು ಅಭ್ಯಾಸ ಬಂದುಬಿಟ್ಟಿದೆ. ನಂಬರ್ ಹಾಕಿದ ಕೂಡಲೇ ಎದುರಿನವರ ಹೆಸರು ತೋರಿಸುತ್ತದೆ, ಹೆಸರು ಸರಿಯಿದ್ದರೆ ಪಿನ್ ಒತ್ತುತ್ತೇವೆ. ಕ್ರಿಪ್ಟೊ ಕೊಂಡು ಮಾರುವ ತಾಣವಾದ ಎಕ್ಸ್‌ಚೇಂಜ್‌ನಲ್ಲಿ, ಹೊರಗೆ ಹಣ ಕಳಿಸುವ ವಿತ್‌ಡ್ರಾ ಪುಟವೂ ನೋಡಲು ಹಾಗೇ ಇದೆ. ವಿಳಾಸಕ್ಕೊಂದು ಖಾನೆ, ಮೊತ್ತಕ್ಕೊಂದು ಖಾನೆ, ಕೆಳಗೊಂದು ಬಟನ್. ಆದರೆ ಹೆಸರು ಮಾತ್ರ ಬರುವುದಿಲ್ಲ. ಆ ವಿಳಾಸ ಯಾರದು ಎಂದು ಪುಟಕ್ಕೂ ಗೊತ್ತಿಲ್ಲ, ಹಿಂದಿರುವ ಬ್ಲಾಕ್‌ಚೈನ್‌ಗೂ (ಎಲ್ಲ ವ್ಯವಹಾರ ದಾಖಲಾಗುವ ಸಾರ್ವಜನಿಕ ಲೆಕ್ಕದ ಪುಸ್ತಕ) ಗೊತ್ತಿಲ್ಲ. ತಪ್ಪು ಕಡೆ ಹೋಯಿತು, ವಾಪಸ್ ತರಿಸಿ ಅಂತ ಕೇಳಲು ಅಲ್ಲಿ ಬ್ಯಾಂಕ್ ಮ್ಯಾನೇಜರೂ ಇಲ್ಲ.

ಅದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ, ಹೆಚ್ಚಿನವರು ಗಮನಿಸದೇ ಇರುವಂಥದ್ದು. ಎಕ್ಸ್‌ಚೇಂಜ್ ಖಾತೆಯಲ್ಲಿ ಕಾಣುವ 500 ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಬ್ಲಾಕ್‌ಚೈನ್‌ನಲ್ಲಿ ನಿಮ್ಮ ಕೀಲಿಯ, ಅಂದರೆ ಹಣ ಕದಲಿಸುವ ಗುಪ್ತ ಸಂಕೇತದ, ಕೆಳಗೆ ಇರುವುದಿಲ್ಲ. ನಿಮಗೆ ಅಷ್ಟು ಕೊಡಬೇಕು ಅಂತ ಎಕ್ಸ್‌ಚೇಂಜ್‌ನವರ ಲೆಕ್ಕದಲ್ಲಿ ಬರೆದಿದೆ, ಅಷ್ಟೇ. ವಿತ್‌ಡ್ರಾ ಒತ್ತುವುದೆಂದರೆ ಬ್ಯಾಂಕಿಗೆ ಹೋಗಿ ಅರ್ಜಿ ಬರೆದುಕೊಟ್ಟು ಡಿಡಿ ಮಾಡಿಸಿದ ಹಾಗೆ. ಅವರು ತಮ್ಮ ಹಾಟ್ ವಾಲೆಟ್‌ನಿಂದ (ದಿನನಿತ್ಯದ ಪಾವತಿಗೆ ಇಟ್ಟುಕೊಂಡ ಆನ್‌ಲೈನ್ ಗಲ್ಲಾಪೆಟ್ಟಿಗೆ), ತಮ್ಮ ಶುಲ್ಕ ಹಿಡಿದುಕೊಂಡು, ತಮಗೆ ಸರಿಕಂಡಾಗ ಕಳಿಸುತ್ತಾರೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಎಷ್ಟೋ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಮೊದಲಿಗೆ, ಹಣ ಹೊರಟ ವಿಳಾಸ ನಿಮ್ಮದಲ್ಲ. ಅಂಗಡಿಯವರೋ ಸರ್ವಿಸ್ ಕೊಡುವವರೋ "ರಿಫಂಡ್ ಆದರೆ ಬಂದ ವಿಳಾಸಕ್ಕೇ ಹಾಕುತ್ತೇವೆ" ಅಂದರೆ ಕೂಡಲೇ ಬೇಡ ಅನ್ನಿ. ಆ ಹಣ ಎಕ್ಸ್‌ಚೇಂಜ್‌ನ ಸಾವಿರಾರು ಗ್ರಾಹಕರ ಹಾಟ್ ವಾಲೆಟ್‌ಗೆ ಹೋಗಿ ಬೀಳುತ್ತದೆ, ಅದು ನಿಮ್ಮದು ಅಂತ ಅವರ ವ್ಯವಸ್ಥೆಗೆ ಗೊತ್ತಾಗುವ ದಾರಿಯೇ ಇಲ್ಲ. ರಿಫಂಡ್‌ಗೆ ನಿಮ್ಮ ಡಿಪಾಸಿಟ್ ವಿಳಾಸವನ್ನು (ನಿಮ್ಮ ಎಕ್ಸ್‌ಚೇಂಜ್ ಖಾತೆಗೆ ಹಣ ಜಮಾ ಆಗುವ ವಿಳಾಸ) ಬೇರೆಯಾಗಿ ಬರೆದುಕೊಡಬೇಕು.

ಎರಡನೆಯದು ಸಮಯ. ಕ್ರಿಪ್ಟೊ ಬಿಲ್ ತೋರಿಸುವ ಪೇಮೆಂಟ್ ಗೇಟ್‌ವೇಗಳಲ್ಲಿ ಸಾಮಾನ್ಯವಾಗಿ ಒಂದು ಗಡಿಯಾರ ಓಡುತ್ತಿರುತ್ತದೆ, 15 ನಿಮಿಷವೋ 20 ನಿಮಿಷವೋ. ಅಷ್ಟರೊಳಗೆ ಸರಿಯಾದ ಮೊತ್ತ ಬರದಿದ್ದರೆ ಬಿಲ್ ರದ್ದು. ಎಕ್ಸ್‌ಚೇಂಜ್ ನಿಮ್ಮ ವಿತ್‌ಡ್ರಾವನ್ನು ಪರಿಶೀಲನೆಗೆ ಎತ್ತಿಟ್ಟುಕೊಂಡರೆ ಆ ಗಡಿಯಾರದ ಬಗ್ಗೆ ಅದಕ್ಕೇನೂ ಚಿಂತೆ ಇಲ್ಲ. ಹಾಗಾಗಿ ಗಡುವು ಇರುವ ಬಿಲ್ಲನ್ನು ಎಕ್ಸ್‌ಚೇಂಜ್‌ನಿಂದ ನೇರವಾಗಿ ಕಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ನಿಮ್ಮದೇ ವಾಲೆಟ್‌ಗೆ (ಕೀಲಿ ನಿಮ್ಮ ಕೈಯಲ್ಲೇ ಇರುವ ಆ್ಯಪ್) ತಂದುಕೊಳ್ಳಿ, ಅಲ್ಲಿಂದ ಕಟ್ಟಿ. ಒಂದು ಶುಲ್ಕ ಹೆಚ್ಚಿಗೆ ಹೋಗುತ್ತದೆ, ಹೋಗಲಿ.

ಮೂರನೆಯದು ಮೊತ್ತ. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ನೀವು 250 ಅಂತ ಬರೆದರೆ ಅದರಲ್ಲೇ ಶುಲ್ಕ ಮುರಿದು ಉಳಿದದ್ದನ್ನು ಕಳಿಸುತ್ತಾರೆ. ಇನ್ನು ಕೆಲವರು 250 ಪೂರ್ತಿ ಕಳಿಸಿ ಶುಲ್ಕವನ್ನು ನಿಮ್ಮ ಬಾಕಿಯಿಂದ ಬೇರೆ ತೆಗೆಯುತ್ತಾರೆ. ಶುಲ್ಕ 1 ಯುಎಸ್‌ಡಿಟಿ ಅಂತಿಟ್ಟುಕೊಂಡರೂ ಎದುರಿನವರಿಗೆ 249 ಬಂದರೆ ಗೇಟ್‌ವೇ ಅದನ್ನು ಪಾವತಿ ಅಂತ ಒಪ್ಪದಿರಬಹುದು. ಬಟನ್‌ನ ಹತ್ತಿರವೇ "ಪಡೆಯುವ ಮೊತ್ತ" ಎಂಬ ಸಾಲು ಇರುತ್ತದೆ. ಕಣ್ಣು ಇಡಬೇಕಾದದ್ದು ಆ ಸಾಲಿನ ಮೇಲೆ, ನೀವು ಟೈಪ್ ಮಾಡಿದ ಅಂಕಿಯ ಮೇಲಲ್ಲ. ಕನಿಷ್ಠ ಮೊತ್ತ ಎಷ್ಟು, ದಿನದ ಮಿತಿ ಎಷ್ಟು ಎಂಬುದೂ ಅಲ್ಲೇ ಆಸುಪಾಸಿನಲ್ಲಿ ಬರೆದಿರುತ್ತದೆ.

ಇನ್ನು ವಿಳಾಸ ಕೇಳುವ ವಿಷಯ. "ನಿಮ್ಮ ವಾಲೆಟ್ ಅಡ್ರೆಸ್ ಕಳಿಸಿ" ಅಂತಷ್ಟೇ ಕೇಳಿದರೆ ಅರ್ಧ ಮಾಹಿತಿ ಬರುತ್ತದೆ. ಹೀಗೆ ಕೇಳಿ: ಯಾವ ಕಾಯಿನ್? ಯಾವ ನೆಟ್‌ವರ್ಕು? ನಿಮ್ಮದೇ ವಾಲೆಟ್ಟಾ, ಎಕ್ಸ್‌ಚೇಂಜ್ ಖಾತೆಯಾ? ಮೆಮೊ ಅಥವಾ ಟ್ಯಾಗ್ ಇದೆಯಾ? ನಿಮ್ಮ ಕೈಗೆ ಎಷ್ಟು ಬರಬೇಕು? ಕೊನೆಯ ಪ್ರಶ್ನೆ ಶುಲ್ಕದ ಜಗಳ ತಪ್ಪಿಸುತ್ತದೆ. ಹೋದ ವರ್ಷ ಕೊಟ್ಟಿದ್ದ ವಿಳಾಸ ಇದೆ ಅಂತ ಅದನ್ನೇ ಬಳಸಬೇಡಿ, ಪ್ರತಿ ಸಲವೂ ಹೊಸದಾಗಿ ಕೇಳಿ. ಎಕ್ಸ್‌ಚೇಂಜ್‌ಗಳು ಡಿಪಾಸಿಟ್ ವಿಳಾಸ ಬದಲಿಸುವುದುಂಟು, ಒಂದು ನೆಟ್‌ವರ್ಕಿನ ಡಿಪಾಸಿಟ್ ನಿಲ್ಲಿಸುವುದೂ ಉಂಟು.

ನೆಟ್‌ವರ್ಕಿನಲ್ಲಿ, ಅಂದರೆ ಹಣ ಯಾವ ಬ್ಲಾಕ್‌ಚೈನ್ ಮೇಲೆ ಹೋಗುತ್ತದೆ ಎಂಬುದರಲ್ಲಿ, ಎಡವಿದಷ್ಟು ಜನ ಬೇರೆಲ್ಲೂ ಎಡವುವುದಿಲ್ಲ. ಯುಎಸ್‌ಡಿಟಿ ಎಂಬುದು ಒಂದೇ ಹೆಸರು, ಆದರೆ ಅದು ಈಥೀರಿಯಂನಲ್ಲೂ ಇದೆ (ಇಆರ್‌ಸಿ20), ಟ್ರಾನ್‌ನಲ್ಲೂ ಇದೆ (ಟಿಆರ್‌ಸಿ20), ಬಿಎನ್‌ಬಿ ಚೈನ್‌ನಲ್ಲೂ ಇದೆ (ಬಿಇಪಿ20), ಸೊಲಾನಾದಲ್ಲೂ ಇದೆ. ಟ್ರಾನ್ ವಿಳಾಸ ಟಿ ಅಕ್ಷರದಿಂದ ಶುರುವಾಗುತ್ತದೆ, 34 ಅಕ್ಷರ. ಈಥೀರಿಯಂ ವಿಳಾಸ 0ಎಕ್ಸ್‌ನಿಂದ ಶುರು, ಒಟ್ಟು 42 ಅಕ್ಷರ. ಇವೆರಡನ್ನು ಅದಲುಬದಲು ಮಾಡಿದರೆ ಪುಟವೇ ಕೆಂಪು ಅಕ್ಷರದಲ್ಲಿ ಬೇಡ ಅನ್ನುತ್ತದೆ, ಅಲ್ಲಿ ಭಯವಿಲ್ಲ. ಅಪಾಯ ಇರುವುದು ಈಥೀರಿಯಂ, ಬಿಎನ್‌ಬಿ ಚೈನ್, ಪಾಲಿಗಾನ್, ಆರ್ಬಿಟ್ರಂ, ಬೇಸ್ ಇವುಗಳ ನಡುವೆ. ಎಲ್ಲದರಲ್ಲೂ ವಿಳಾಸದ ಅಚ್ಚು ಒಂದೇ. ಬೆಂಗಳೂರಿನಲ್ಲಿ "5ನೇ ಮೇನ್, 4ನೇ ಕ್ರಾಸ್" ಅಂತಷ್ಟೇ ಹೇಳಿದರೆ ಆಟೊದವರು ಏನು ಕೇಳುತ್ತಾರೆ? ಯಾವ ಬಡಾವಣೆ ಸಾರ್, ಮಲ್ಲೇಶ್ವರನಾ ಜಯನಗರನಾ? ಇಲ್ಲಿ ಆ ಪ್ರಶ್ನೆ ಕೇಳುವವರು ಯಾರೂ ಇಲ್ಲ, ನೀವು ಆರಿಸಿದ ಬಡಾವಣೆಗೆ ಸುಮ್ಮನೆ ಹೋಗಿ ಇಳಿಸಿ ಬರುತ್ತಾರೆ.

ಹಾಗೆ ತಪ್ಪಿಹೋದರೆ ಮುಂದೇನು ಎಂಬುದು ಎದುರಿನ ವಿಳಾಸ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಅದು ಅವರದೇ ವಾಲೆಟ್ ಆಗಿದ್ದರೆ ಹೆದರಬೇಕಾಗಿಲ್ಲ. ಮೇಲೆ ಹೇಳಿದ ಎಲ್ಲ ನೆಟ್‌ವರ್ಕ್‌ಗಳಲ್ಲೂ ಅದೇ ಕೀಲಿ ಕೆಲಸ ಮಾಡುತ್ತದೆ. ವಾಲೆಟ್ ಆ್ಯಪ್‌ನಲ್ಲಿ ಆ ನೆಟ್‌ವರ್ಕ್ ಸೇರಿಸಿಕೊಂಡರೆ ಹಣ ಕಾಣುತ್ತದೆ, ಅಲ್ಲಿಂದ ಅಲುಗಾಡಿಸಲು ಒಂದಿಷ್ಟು ಬಿಎನ್‌ಬಿಯೋ ಅಲ್ಲಿನ ಬೇರೆ ಗ್ಯಾಸ್ ಕಾಯಿನ್ನೋ (ನೆಟ್‌ವರ್ಕಿನ ಶುಲ್ಕ ಕಟ್ಟುವ ಕಾಯಿನ್) ಬೇಕು. ಅದು ಎಕ್ಸ್‌ಚೇಂಜ್‌ನ ಡಿಪಾಸಿಟ್ ವಿಳಾಸವಾಗಿದ್ದರೆ ಕೀಲಿ ಅವರ ಹತ್ತಿರ. ತೆಗೆದುಕೊಡಬಹುದು, ಶುಲ್ಕ ಕೇಳಬಹುದು, ವಾರಗಟ್ಟಲೆ ಕಾಯಿಸಬಹುದು, ಆಗುವುದಿಲ್ಲ ಅಂತಲೂ ಹೇಳಬಹುದು. ಕೇಳಬೇಕಾದದ್ದು ಹಣ ತಲುಪಿದ ಕಡೆಯ ಎಕ್ಸ್‌ಚೇಂಜನ್ನು, ಹೋಗಿ ಕೇಳಬೇಕಾದವರು ಅಲ್ಲಿನ ಖಾತೆದಾರರೇ. ಕಳಿಸಿದ ಎಕ್ಸ್‌ಚೇಂಜ್‌ಗೆ ಟಿಕೆಟ್ ಮೇಲೆ ಟಿಕೆಟ್ ಹಾಕಿ ಪ್ರಯೋಜನವಿಲ್ಲ, ಅವರು ನೀವು ಹೇಳಿದ್ದನ್ನೇ ಮಾಡಿದ್ದಾರೆ.

ಶುಲ್ಕ ಕಡಿಮೆ ಅಂತ ಕಣ್ಣುಮುಚ್ಚಿ ನೆಟ್‌ವರ್ಕ್ ಆರಿಸುವುದೂ ಸರಿಯಲ್ಲ. ಪಡೆಯುವವರ ಟ್ರಾನ್ ವಾಲೆಟ್‌ನಲ್ಲಿ ಟ್ರಾನ್‌ನ ಗ್ಯಾಸ್ ಕಾಯಿನ್ ಆದ ಟಿಆರ್‌ಎಕ್ಸ್ ಇಲ್ಲದಿದ್ದರೆ ನೀವು ಹಾಕಿದ ಯುಎಸ್‌ಡಿಟಿ ಅವರಿಗೆ ಕಾಣುತ್ತದೆ, ಖರ್ಚು ಮಾಡಲು ಬರುವುದಿಲ್ಲ. ಹೊಸಬರಿಗೆ ಕಳಿಸುವಾಗ ಟಿಆರ್‌ಎಕ್ಸ್ ಇದೆಯಾ ಅಂತ ಒಂದು ಮಾತು ಕೇಳಿ.

ಮೆಮೊ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಕ್ಸ್‌ಆರ್‌ಪಿ, ಸ್ಟೆಲ್ಲಾರ್, ಟಾನ್, ಕಾಸ್ಮಾಸ್ ಇಂಥವುಗಳಲ್ಲಿ ಎಕ್ಸ್‌ಚೇಂಜ್‌ಗಳು ಎಲ್ಲ ಗ್ರಾಹಕರಿಗೂ ಒಂದೇ ವಿಳಾಸ ಇಟ್ಟು ಒಳಗೆ ಮೆಮೊ ನೋಡಿ ಹಂಚುವುದು ರೂಢಿ. ವಿಳಾಸ ಅಪಾರ್ಟ್‌ಮೆಂಟಿನದು, ಮೆಮೊ ಫ್ಲಾಟ್ ನಂಬರು. ಮೆಮೊ ಬಿಟ್ಟರೆ ಪಾರ್ಸೆಲ್ ವಾಚ್‌ಮನ್ ಹತ್ತಿರ ಕೂತಿರುತ್ತದೆ. ಸ್ವಂತ ವಾಲೆಟ್‌ಗೆ ಇದು ಬೇಕಿಲ್ಲ, ಪುಟದಲ್ಲಿ "ಮೆಮೊ ಇಲ್ಲ" ಎಂಬ ಗುರುತು ಒತ್ತಿದರೆ ಸಾಕು. ಎಕ್ಸ್‌ಆರ್‌ಪಿಯಲ್ಲಿ ಇನ್ನೊಂದು ಸಣ್ಣ ಕೊಕ್ಕೆ ಇದೆ: ಹೊಚ್ಚಹೊಸ ವಾಲೆಟ್ ತೆರೆದುಕೊಳ್ಳಲು ಕನಿಷ್ಠ 1 ಎಕ್ಸ್‌ಆರ್‌ಪಿ ಅಲ್ಲಿ ಇರಲೇಬೇಕು (2024ರ ಡಿಸೆಂಬರ್‌ಗೆ ಮುಂಚೆ 10 ಬೇಕಿತ್ತು). ಪರೀಕ್ಷೆಗೆಂದು ಅರ್ಧ ಕಳಿಸಿದರೆ ಅದು ಹೋಗುವುದಿಲ್ಲ.

ಈಗ ವಿಳಾಸವನ್ನು ತಾಳೆ ನೋಡುವ ಮಾತು. ಒಂದು ಅಕ್ಷರ ತಪ್ಪಿ ಟೈಪ್ ಮಾಡಿದರೆ ಹಣ ಹೋಗಿಬಿಡುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ನಿಜ ಹೇಳಬೇಕೆಂದರೆ ಅದು ಅಪರೂಪ. ಬಿಟ್‌ಕಾಯಿನ್ ಮತ್ತು ಟ್ರಾನ್ ವಿಳಾಸಗಳ ಒಳಗೇ ಚೆಕ್‌ಸಮ್ (ತಪ್ಪು ಹಿಡಿಯುವ ಲೆಕ್ಕ) ಇದೆ, ಅಕ್ಷರ ತಪ್ಪಿದರೆ ವಿಳಾಸವೇ ಅಸಿಂಧು ಅನ್ನುತ್ತದೆ. ಈಥೀರಿಯಂನಲ್ಲಿ ಈ ಕೆಲಸವನ್ನು ದೊಡ್ಡ (ಕ್ಯಾಪಿಟಲ್) ಮತ್ತು ಚಿಕ್ಕ ಇಂಗ್ಲಿಷ್ ಅಕ್ಷರಗಳ ಬೆರಕೆ ಮಾಡುತ್ತದೆ. ಪೂರ್ತಿ ಚಿಕ್ಕ ಅಕ್ಷರದಲ್ಲಿ ಬರೆದ ವಿಳಾಸಕ್ಕೆ ಮಾತ್ರ ಆ ರಕ್ಷಣೆ ಇರುವುದಿಲ್ಲ, ಆದ್ದರಿಂದ ಮಿಶ್ರ ಅಕ್ಷರದಲ್ಲಿ ಬಂದದ್ದನ್ನು ಹಾಗೇ ಉಳಿಸಿಕೊಳ್ಳಿ.

ನಿಜವಾದ ಕಂಟಕ ಬೇರೆ. ವಿಳಾಸ ತಪ್ಪುವುದಿಲ್ಲ, ಪೂರ್ತಿ ಬೇರೆಯದೇ ವಿಳಾಸ, ಎಲ್ಲ ರೀತಿಯಲ್ಲೂ ಸಿಂಧುವಾದದ್ದು, ಅದರ ಜಾಗದಲ್ಲಿ ಬಂದು ಕೂರುತ್ತದೆ. ಒಂದು ದಾರಿ ಕ್ಲಿಪ್‌ಬೋರ್ಡ್ ಮಾಲ್‌ವೇರ್: ನೀವು ಕಾಪಿ ಮಾಡಿದ್ದು ಒಂದು, ಪೇಸ್ಟ್ ಆಗುವುದು ಇನ್ನೊಂದು. ಪುಕ್ಕಟೆ ಸಿಕ್ಕಿದ ಕ್ರ್ಯಾಕ್ಡ್ ಸಾಫ್ಟ್‌ವೇರ್ ಹಾಕಿಕೊಂಡ ಕಂಪ್ಯೂಟರ್‌ನಲ್ಲಿ ಕ್ರಿಪ್ಟೊ ವ್ಯವಹಾರ ಇಟ್ಟುಕೊಳ್ಳಲೇಬೇಡಿ. ಇನ್ನೊಂದು ದಾರಿಗೆ ಅಡ್ರೆಸ್ ಪಾಯ್ಸನಿಂಗ್ ಅನ್ನುತ್ತಾರೆ. ನೀವು ನಿಮ್ಮ ವಾಲೆಟ್‌ನಿಂದ ಯಾರಿಗೋ ಹಣ ಕಳಿಸಿದ್ದನ್ನು ನೋಡಿ, ಆ ವಿಳಾಸದಂತೆಯೇ ಶುರುವಾಗಿ ಅದರಂತೆಯೇ ಮುಗಿಯುವ ಒಂದು ವಿಳಾಸವನ್ನು ತಯಾರಿಸಿ, ಅದರಿಂದ ನಿಮಗೆ ಚಿಲ್ಲರೆ ಮೊತ್ತವನ್ನೋ ಸೊನ್ನೆಯನ್ನೋ ಕಳಿಸುತ್ತಾರೆ. ಅದು ನಿಮ್ಮ ಹಿಸ್ಟರಿಯಲ್ಲಿ ಬಂದು ಕೂರುತ್ತದೆ. ಮುಂದಿನ ಸಲ ನೀವು ಹಿಸ್ಟರಿಯಿಂದ ಕಾಪಿ ಮಾಡುವುದನ್ನೇ ಅವರು ಕಾಯುತ್ತಿರುತ್ತಾರೆ.

2024ರ ಮೇ 3ರಂದು ಹೀಗೆ ಒಂದೇ ಏಟಿಗೆ 1,155 ಡಬ್ಲ್ಯುಬಿಟಿಸಿ (ಈಥೀರಿಯಂನಲ್ಲಿ ಓಡಾಡುವ, ಬಿಟ್‌ಕಾಯಿನ್ ಬೆಲೆಯ ಟೋಕನ್), ಅಂದರೆ ಆಗಿನ ಲೆಕ್ಕಕ್ಕೆ ಸುಮಾರು 6.8 ಕೋಟಿ ಡಾಲರ್, ತಪ್ಪು ವಿಳಾಸಕ್ಕೆ ಹೋಯಿತು. ಮೊದಲು ಪರೀಕ್ಷೆಗೆ ಒಂದಿಷ್ಟು ಈಥರ್ ಸರಿಯಾದ ವಿಳಾಸಕ್ಕೇ ಹೋಗಿತ್ತು. ಅದರ ಬೆನ್ನಿಗೇ ನಕಲಿ ವಿಳಾಸ ಹಿಸ್ಟರಿಗೆ ಬಂತು, ದೊಡ್ಡ ಮೊತ್ತ ಆ ನಕಲಿಗೆ ಹೋಯಿತು. ಕೆಲವು ದಿನಗಳ ಮಾತುಕತೆಯ ನಂತರ ಕಳ್ಳ ಬಹುಪಾಲನ್ನು ವಾಪಸ್ ಮಾಡಿದ. ಆದರೆ ಅಂಥ ಕಳ್ಳ ಎಲ್ಲರಿಗೂ ಸಿಗುವುದಿಲ್ಲ.

ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಕು ಎಂಬ ಹಳೆಯ ಬುದ್ಧಿವಾದವನ್ನು ಬಿಡಬೇಕು ಅನ್ನುವುದು ಇದಕ್ಕೇ. ಈಥೀರಿಯಂ ವಿಳಾಸದ ಒಂದೊಂದು ಸ್ಥಾನಕ್ಕೆ 16 ಸಾಧ್ಯತೆ. ಎಂಟು ಸ್ಥಾನ ಹೊಂದಿಸಲು ಸುಮಾರು 429 ಕೋಟಿ ಪ್ರಯತ್ನ ಬೇಕು. ಕೇಳಲು ಭಾರಿ ಅಂಕಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ನಿಮಿಷಗಳ ಕೆಲಸ. ಮಧ್ಯದ ಆರು ಅಕ್ಷರವನ್ನೂ ನೀವು ನೋಡುವವರಾದರೆ ಅವರ ಕೆಲಸ ಇನ್ನೂ 1.67 ಕೋಟಿ ಪಟ್ಟು ಹೆಚ್ಚುತ್ತದೆ. ಆ ಆರು ಅಕ್ಷರಕ್ಕೆ ನಿಮಗೆ ಹಿಡಿಯುವುದು ಹತ್ತು ಸೆಕೆಂಡು.

ತಾಳೆ ನೋಡುವಾಗ ಎರಡು ಬೇರೆ ಬೇರೆ ಪರದೆ ಬಳಸಿ. ಹೆಚ್ಚಿನ ಎಕ್ಸ್‌ಚೇಂಜ್‌ಗಳು ವಿತ್‌ಡ್ರಾ ಖಚಿತಪಡಿಸಲು ಇಮೇಲ್ ಕಳಿಸುತ್ತವೆ, ಅದರಲ್ಲಿ ವಿಳಾಸವೂ ಮೊತ್ತವೂ ಇರುತ್ತದೆ. ಕಂಪ್ಯೂಟರ್‌ನಲ್ಲಿ ವಿತ್‌ಡ್ರಾ ಹಾಕಿದ್ದರೆ ಆ ಇಮೇಲನ್ನು ಫೋನಿನಲ್ಲಿ ತೆರೆದು, ಎದುರಿನವರು ಕೊಟ್ಟ ಮೂಲ ವಿಳಾಸದೊಂದಿಗೆ ನಾಲ್ಕು ನಾಲ್ಕು ಅಕ್ಷರದಂತೆ ಬಾಯಿಬಿಟ್ಟು ಓದಿ. ಕಂಪ್ಯೂಟರ್‌ನ ಮಾಲ್‌ವೇರ್ ಅಲ್ಲಿನ ಪರದೆಯಲ್ಲಿ ಏನನ್ನಾದರೂ ತೋರಿಸಬಹುದು, ಫೋನಿನ ಪರದೆ ಅದರ ಕೈಗೆ ಸಿಗುವುದಿಲ್ಲ. ಮೊತ್ತ ದೊಡ್ಡದಿದ್ದರೆ, ವಿಳಾಸ ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬಂದಿದ್ದರೆ, ಫೋನ್ ಮಾಡಿ ಮಧ್ಯದ ಆರು ಅಕ್ಷರ ಅವರಿಂದಲೇ ಹೇಳಿಸಿ. ಇಮೇಲ್ ಖಾತೆಗೆ ನುಗ್ಗಿ ಇನ್‌ವಾಯ್ಸ್‌ನಲ್ಲಿ ಬ್ಯಾಂಕ್ ನಂಬರ್ ಬದಲಿಸುವ ಹಳೆಯ ಮೋಸ ಇಲ್ಲೂ ನಡೆಯುತ್ತದೆ.

ಬ್ಲಾಕ್ ಎಕ್ಸ್‌ಪ್ಲೋರರ್‌ನಿಂದ (ಬ್ಲಾಕ್‌ಚೈನ್‌ನ ವ್ಯವಹಾರಗಳನ್ನು ತೋರಿಸುವ ವೆಬ್‌ಸೈಟ್) ವಿಳಾಸ ಕಾಪಿ ಮಾಡುವ ಚಾಳಿ ಇದ್ದರೆ ಬಿಟ್ಟುಬಿಡಿ. ಪಾಯ್ಸನಿಂಗ್ ಒಂದು ಕಡೆಯಾದರೆ, ಟೋಕನ್‌ನ ಕಾಂಟ್ರ್ಯಾಕ್ಟ್ ವಿಳಾಸವನ್ನೇ (ಆ ಟೋಕನ್ ನಡೆಸುವ ಪ್ರೋಗ್ರಾಂನ ವಿಳಾಸ) ಯಾರದೋ ವಾಲೆಟ್ ಅಂದುಕೊಂಡು ಕಾಪಿ ಮಾಡುವುದು ಇನ್ನೊಂದು. ಯುಎಸ್‌ಡಿಟಿಯನ್ನು ಯುಎಸ್‌ಡಿಟಿಯ ಕಾಂಟ್ರ್ಯಾಕ್ಟಿಗೇ ಕಳಿಸಿದವರು ಕಡಿಮೆಯಿಲ್ಲ. ನಿಮ್ಮ ವಾಲೆಟ್‌ನ ವಿಳಾಸ ಬೇಕಾದರೆ ವಾಲೆಟ್‌ನ ರಿಸೀವ್ ಪುಟದಿಂದಲೇ ತೆಗೆದುಕೊಳ್ಳಿ.

ಇಷ್ಟೂ ತಾಳೆಯನ್ನು ಒಂದೇ ಸಲ ಮಾಡಿ ಮುಗಿಸುವ ಉಪಾಯ ಅಡ್ರೆಸ್ ಬುಕ್ ಮತ್ತು ವೈಟ್‌ಲಿಸ್ಟ್. ನೆಟ್‌ವರ್ಕ್, ಮೆಮೊ ಸಮೇತ ವಿಳಾಸವನ್ನು ಸೇರಿಸಿ, "ಪಟ್ಟಿಯಲ್ಲಿರುವವರಿಗೆ ಮಾತ್ರ" ಎಂಬ ಆಯ್ಕೆಯನ್ನು ಚಾಲೂ ಮಾಡಿ. ಹೊಸ ವಿಳಾಸ ಸೇರಿಸಿದರೆ ಅನೇಕ ಕಡೆ 24 ಗಂಟೆ ತಡೆ ಇರುತ್ತದೆ. ಕಿರಿಕಿರಿ ಅನ್ನಿಸುತ್ತದೆ, ಆದರೆ ನಿಮ್ಮ ಪಾಸ್‌ವರ್ಡ್ ಕದ್ದವನಿಗೂ ಅದೇ 24 ಗಂಟೆ ತಡೆ, ಅಷ್ಟರಲ್ಲಿ ನಿಮಗೆ ಇಮೇಲ್ ಬಂದಿರುತ್ತದೆ. ಪಾಸ್‌ವರ್ಡ್, ಫೋನ್ ನಂಬರ್ ಅಥವಾ ಟೂ-ಫ್ಯಾಕ್ಟರ್ ಬದಲಿಸಿದರೂ ವಿತ್‌ಡ್ರಾ ಕೆಲಕಾಲ ನಿಲ್ಲುತ್ತದೆ. ಹಾಗಾಗಿ ನಾಳೆ ಹಣ ಕಳಿಸುವುದಿದ್ದರೆ ಇವತ್ತು ಹೊಸ ಫೋನಿಗೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಟೂ-ಫ್ಯಾಕ್ಟರ್‌ಗೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ ಇರಲಿ, ಎಸ್‌ಎಂಎಸ್ ಕೋಡ್ ನಿಮ್ಮ ಸಿಮ್ ಯಾರ ಕೈಯಲ್ಲಿದೆಯೋ ಅವರದು. ಆ್ಯಂಟಿ-ಫಿಶಿಂಗ್ ಕೋಡ್ ಎಂಬ ಸೌಲಭ್ಯ ಇದ್ದರೆ ಹಾಕಿಕೊಳ್ಳಿ: ನೀವು ಆರಿಸಿದ ಒಂದು ಪದ ಎಕ್ಸ್‌ಚೇಂಜ್‌ನ ಪ್ರತಿ ಇಮೇಲ್‌ನಲ್ಲೂ ಬರುತ್ತದೆ, ಬರದಿದ್ದರೆ ಆ ಇಮೇಲ್ ಅವರದಲ್ಲ.

ಪರೀಕ್ಷೆಗೆ ಸಣ್ಣ ಮೊತ್ತ ಕಳಿಸುವುದು ಒಳ್ಳೆಯದು, ಆದರೆ ಎರಡು ಷರತ್ತು. ಟ್ರಾನ್ಸಾಕ್ಷನ್ ಐಡಿ (ಬ್ಲಾಕ್‌ಚೈನ್‌ನಲ್ಲಿ ಆ ವ್ಯವಹಾರದ ಗುರುತು) ಬಂದ ಮಾತ್ರಕ್ಕೆ ಪರೀಕ್ಷೆ ಪಾಸಾಗಲಿಲ್ಲ, ಎದುರಿನವರ ಖಾತೆಯಲ್ಲಿ ಬಳಸಲು ಬರುವ ಹಾಗೆ ಜಮಾ ಆದ ಮೇಲೆ ಪಾಸು. ಎರಡನೆಯ ಸಲ ವಿಳಾಸವನ್ನು ಅಡ್ರೆಸ್ ಬುಕ್‌ನಿಂದಲೇ ಆರಿಸಬೇಕು, ಮತ್ತೆ ಕಾಪಿ ಮಾಡಬಾರದು. ಈ ಎರಡನೆಯ ಷರತ್ತು ಮುರಿದರೆ ಮೊದಲ ಪರೀಕ್ಷೆಗೆ ಬೆಲೆಯೇ ಇಲ್ಲ, ಮೇ 3ರ ಕಥೆ ಅದೇ. ಹತ್ತು ಸಾವಿರ ರೂಪಾಯಿಯ ಪಾವತಿಗೆ, ಅದೂ ಹೊಸಬರಿಗಾದರೆ, ಪರೀಕ್ಷೆಯ ಶುಲ್ಕ ಖಂಡಿತ ದುಬಾರಿಯಲ್ಲ.

ಒತ್ತಿದ ಮೇಲೆ ನೋಡಬೇಕಾದದ್ದು ಒಂದೇ: ಟ್ರಾನ್ಸಾಕ್ಷನ್ ಐಡಿ ಬಂತೇ? ಅದು ಬರುವವರೆಗೆ ಹಣ ಎಕ್ಸ್‌ಚೇಂಜ್‌ನಲ್ಲೇ ಇದೆ, ತಪ್ಪು ಗೊತ್ತಾದರೆ ರದ್ದು ಬಟನ್ ಇದೆಯಾ ನೋಡಿ, ಇಲ್ಲವಾದರೆ ಚಾಟ್‌ಗೆ ಓಡಿ. ಬಂದ ಮೇಲೆ ಈಥೀರಿಯಂಗೆ ಈಥರ್‌ಸ್ಕ್ಯಾನ್, ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್, ಬಿಟ್‌ಕಾಯಿನ್‌ಗೆ ಮೆಂಪೂಲ್ ಡಾಟ್ ಸ್ಪೇಸ್‌ನಲ್ಲಿ ಆ ಐಡಿ ಹಾಕಿ. ಟ್ರಾನ್‌ನಲ್ಲಿ 3 ಸೆಕೆಂಡಿಗೊಂದು ಬ್ಲಾಕ್ (ವ್ಯವಹಾರಗಳ ಕಂತೆ), ಈಥೀರಿಯಂನಲ್ಲಿ 12 ಸೆಕೆಂಡಿಗೊಂದು, ಪೂರ್ತಿ ಗಟ್ಟಿಯಾಗಲು ಸುಮಾರು 13 ನಿಮಿಷ. ಬಿಟ್‌ಕಾಯಿನ್‌ನ 10 ನಿಮಿಷ ಬರೀ ಸರಾಸರಿ, ಒಂದೊಂದು ಸಲ 40 ನಿಮಿಷ ಕಾದರೂ ಬ್ಲಾಕ್ ಬರುವುದಿಲ್ಲ. ಬಿಟ್‌ಕಾಯಿನ್ ಸಿಕ್ಕಿಕೊಂಡರೆ ಶುಲ್ಕ ಏರಿಸುವ ಅಧಿಕಾರ ನಿಮಗಿಲ್ಲ, ಕಳಿಸಿದ ಕೀಲಿ ಎಕ್ಸ್‌ಚೇಂಜ್‌ನದು. ಪಡೆಯುವವರದು ಸ್ವಂತ ವಾಲೆಟ್ ಆಗಿದ್ದರೆ, ಇನ್ನೂ ಬಾಕಿಯಿರುವ ಆ ಹಣವನ್ನೇ ಹೆಚ್ಚು ಶುಲ್ಕ ಕೊಟ್ಟು ಮುಂದಕ್ಕೆ ಕಳಿಸಿ ಎರಡನ್ನೂ ಒಟ್ಟಿಗೆ ಎಳೆದುಕೊಳ್ಳಬಹುದು. ಇಬ್ಬರದೂ ಒಂದೇ ಎಕ್ಸ್‌ಚೇಂಜ್ ಆಗಿದ್ದರೆ ವ್ಯವಹಾರ ಅವರ ಲೆಕ್ಕದ ಪುಸ್ತಕದೊಳಗೇ ಮುಗಿಯಬಹುದು, ಆಗ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಗಾಬರಿ ಬೇಡ.

ಭಾರತದಲ್ಲಿ ಕೂತು ಕಳಿಸುವವರಿಗೆ ಇನ್ನಷ್ಟು ಇದೆ. ಕೆಲವು ಆ್ಯಪ್‌ಗಳಲ್ಲಿ ಕ್ರಿಪ್ಟೊ ಕೊಳ್ಳಬಹುದು ಮಾರಬಹುದು, ಹೊರಗೆ ಕಳಿಸಲು ಬಿಡುವುದಿಲ್ಲ. ಹಣ ಹಾಕುವ ಮೊದಲೇ ವಿತ್‌ಡ್ರಾ ಪುಟದಲ್ಲಿ ನಿಮ್ಮ ಕಾಯಿನ್ ಮತ್ತು ನೆಟ್‌ವರ್ಕ್ ಇದೆಯಾ ನೋಡಿ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯಡಿ ಬಂದಿವೆ, ಹಾಗಾಗಿ ಯಾರಿಗೆ, ಯಾಕೆ, ಎದುರಿನದು ಸ್ವಂತ ವಾಲೆಟ್ಟೋ ಬೇರೆ ಎಕ್ಸ್‌ಚೇಂಜೋ ಎಂದೆಲ್ಲ ಕೇಳುತ್ತಾರೆ. ಅಲ್ಲಿ ಅವಸರಕ್ಕೆ "ನನ್ನದೇ ವಾಲೆಟ್" ಅಂತ ಸುಳ್ಳು ಒತ್ತಬೇಡಿ, ಆಮೇಲೆ ವಾಲೆಟ್ ನಿಮ್ಮದೆಂದು ತೋರಿಸಿ ಅಂದರೆ ಖಾತೆ ತಡೆಯಲ್ಲಿ ಕೂರುತ್ತದೆ. ತೆರಿಗೆಯಲ್ಲೂ ಅದೇ ಭೇದ. ನಿಮ್ಮದೇ ವಾಲೆಟ್‌ಗೆ ಹಾಕಿಕೊಂಡರೆ ಅದು ವರ್ಗಾವಣೆಯಲ್ಲ. ಕೆಲಸಕ್ಕೋ ವಸ್ತುವಿಗೋ ಬದಲಾಗಿ ಕೊಟ್ಟರೆ ಅದು ವರ್ಗಾವಣೆ, ಲಾಭವಿದ್ದರೆ 2022ರ ಏಪ್ರಿಲ್ 1ರಿಂದ ಶೇ 30 ತೆರಿಗೆ, ಮೇಲೆ ಸೆಸ್. ಆ ವರ್ಷದ ಜುಲೈ 1ರಿಂದ ಬಂದ ಶೇ 1 ಟಿಡಿಎಸ್ ಎಕ್ಸ್‌ಚೇಂಜ್‌ನಲ್ಲಿ ಮಾರಿದಾಗ ತಾನಾಗಿ ಮುರಿಯುತ್ತದೆ, ಹೊರಗಿನ ಪಾವತಿಯಲ್ಲಿ ಯಾರು ಮುರಿಯಬೇಕೆಂದು ನಿಮ್ಮ ಸಿಎಯನ್ನು ಮೊದಲೇ ಕೇಳಿಕೊಳ್ಳಿ.

ಮೋಸಕ್ಕೆ ಸಿಕ್ಕಿ ಕಳಿಸಿದ್ದಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಟ್ರಾನ್ಸಾಕ್ಷನ್ ಐಡಿ, ಎರಡೂ ವಿಳಾಸ, ಸಮಯ, ಚಾಟ್‌ನ ಸ್ಕ್ರೀನ್‌ಶಾಟ್ ಹಾಕಿ. ಯುಎಸ್‌ಡಿಟಿಯನ್ನು ಬಿಡುಗಡೆ ಮಾಡುವ ಟೆದರ್ ಕಂಪನಿಗೆ ಒಂದು ವಿಳಾಸವನ್ನು ಸ್ತಂಭನಗೊಳಿಸುವ ಶಕ್ತಿ ಇದೆ, ಕಳ್ಳ ಇನ್ನೊಂದು ಎಕ್ಸ್‌ಚೇಂಜ್‌ಗೆ ಹಾಕಿದ್ದರೆ ಅಲ್ಲೂ ತಡೆಯಬಹುದು. ಎರಡಕ್ಕೂ ಪೊಲೀಸರ ಮೂಲಕ ಹೋಗಬೇಕು, ಗಂಟೆಗಳ ಲೆಕ್ಕದಲ್ಲಿ ಹೋಗಬೇಕು. ಇದರ ಮಧ್ಯೆ ಟೆಲಿಗ್ರಾಂನಲ್ಲಿ "ನಿಮ್ಮ ಕ್ರಿಪ್ಟೊ ವಾಪಸ್ ತರಿಸಿಕೊಡುತ್ತೇವೆ, ಮೊದಲು ಗ್ಯಾಸ್ ಫೀ ಕಟ್ಟಿ" ಅಂತ ಬರುವವರು ಬಂದೇ ಬರುತ್ತಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ನಿಮ್ಮ ವಾಲೆಟ್‌ನ 12 ಪದದ ಸೀಡ್ ಅನ್ನಂತೂ (ಕೀಲಿಯೇ ಅದರಿಂದ ಹುಟ್ಟುವುದು) ತೋರಿಸಲೇಬೇಡಿ.

ಎಲ್ಲ ಸುಸೂತ್ರವಾಗಿ ಹೋಗಿದ್ದರೆ ಟ್ರಾನ್ಸಾಕ್ಷನ್ ಐಡಿ, ದಿನಾಂಕ, ಆ ಹೊತ್ತಿನ ರೂಪಾಯಿ ಬೆಲೆ, ಶುಲ್ಕ, ಯಾರಿಗೆ, ಯಾವುದಕ್ಕೆ ಎಂಬುದನ್ನು ಒಂದು ಶೀಟ್‌ನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಎಕ್ಸ್‌ಚೇಂಜ್‌ನಿಂದ ಸಿಎಸ್‌ವಿ ಇಳಿಸಿಕೊಳ್ಳಿ. ಎಕ್ಸ್‌ಚೇಂಜ್ ಬಾಗಿಲು ಹಾಕಿದ ದಿನ ಹಿಸ್ಟರಿ ಪುಟವೂ ಅದರ ಜೊತೆಗೇ ಹೋಗುತ್ತದೆ, ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಮಾತ್ರ ಅಲ್ಲೇ ಇರುತ್ತದೆ.